ತಲೆ ಗೂಳೀದು, ಮೈ ಮನುಷ್ಯಂದು: ಸುಟ್ಟ ಮಣ್ಣಿನ ವೀರನ ಹೆಸರು ಹೇಳೋರ್ಯಾರು?

ಅಂಗೈಯಲ್ಲಿ ಕೂರುವಷ್ಟು ಪುಟ್ಟ ಬೊಂಬೆ. ಎತ್ತರ ಸುಮಾರು 9 ಸೆಂಟಿಮೀಟರು, ಅಗಲ 5. ಬೀಡಿ ಕಟ್ಟಿಗಿಂತ ಒಂದಿಷ್ಟು ಎತ್ತರ ಅಂದುಕೊಳ್ಳಿ. ಹಿಡಿಮಣ್ಣು ತಗೊಂಡು, ಅಚ್ಚಿಲ್ಲದೆ ಕೈಯಲ್ಲೇ ತಿದ್ದಿ, ಬೆಂಕಿಯಲ್ಲಿ ಸುಟ್ಟಿದ್ದು. ಒಳಗೆ ಟೊಳ್ಳಿಲ್ಲ, ಗಟ್ಟಿ ಮಾಲು. ತಲೆ ಗೂಳೀದು, ಮೈ ಮನುಷ್ಯಂದು. ಮೂತಿ ಇದೆ, ಗಂಡಸಿನ ಕಳೆ ಇದೆ. ವಯಸ್ಸು ಕೇಳಿದರೆ ತಲೆ ತಿರುಗೀತು. ಸುಮಾರು 2,700 ವರ್ಷ!

ಸಿಕ್ಕಿದ್ದು ದಕ್ಷಿಣ ಕನ್ನಡದಲ್ಲಿ, ಮೂಡುಬಿದಿರೆ ಹತ್ತಿರದ ಮೂಡು ಕೊಣಾಜೆಯಲ್ಲಿ. ಅಲ್ಲೊಂದು ಕಲ್ಲುಗುಡ್ಡ. ಗುಡ್ಡದ ಇಳಿಜಾರಿನಲ್ಲಿ ಚಪ್ಪಡಿ ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಗೋರಿಗಳು. ಪುರಾತತ್ವದವರು ಕಲ್ಮನೆ ಅನ್ನುತ್ತಾರೆ, ಊರವರು ಹೆಚ್ಚಿನ ಕಡೆ ಪಾಂಡವರ ಮನೆ ಅನ್ನುತ್ತಾರೆ. ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್ಟರು ಹಿಂದೆಯೇ ಗುರುತಿಸಿದ್ದ ಜಾಗ ಇದು. ಒಟ್ಟು ಒಂಬತ್ತು ಕಲ್ಮನೆ ಇದ್ದವು. ಶಿರ್ವದ ಕಾಲೇಜಿನಲ್ಲಿ ಪುರಾತತ್ವ ಹೇಳಿಕೊಡುತ್ತಿದ್ದ ಪ್ರೊ. ಟಿ. ಮುರುಗೇಶಿ ಅಲ್ಲಿ ಹುಡುಕಾಡಿದ ಹೊತ್ತಿಗೆ ನೆಟ್ಟಗಿದ್ದದ್ದು ಎರಡೇ. ಉಳಿದವು ಕಿತ್ತು ಬಿದ್ದಿದ್ದವು.

ಹಾಗೆ ಕಿತ್ತ ಜಾಗದಲ್ಲೇ ಈ ಬೊಂಬೆಗಳು ಕಣ್ಣಿಗೆ ಬಿದ್ದವು. 2023ರಲ್ಲಿ ಪತ್ರಿಕೆಗಳಲ್ಲಿ ಬಂತು. ಎಂಟು ವಸ್ತು. ಗೂಳಿತಲೆಯದು ಎರಡು: ಒಂದು ಗಂಡು ಕಳೆಯದು, ಇನ್ನೊಂದು ಅದಕ್ಕಿಂತ ಚಿಕ್ಕದು, ಹೆಣ್ಣು ಕಳೆಯದು, ತಲೆ ಮೇಲೆ ಅರ್ಧಚಂದ್ರದ ಹಾಗೆ ಅಂಟಿಸಿದ ಮುಡಿ. ಒಂದು ಮಾತೃದೇವತೆ, ಅಂಥದೇ ಇನ್ನೊಂದರ ಕೈ ಮಾತ್ರ. ಎರಡು ನವಿಲು, ಒಂದು ಕುದುರೆ. ಎಂಟನೆಯದು ಏನು ಅಂತ ಯಾರಿಗೂ ಗೊತ್ತಾಗಿಲ್ಲ. ಕೇರಳದ ಮಲಂಪುಳದ ಕಲ್ಮನೆಗಳಲ್ಲಿ ಸಿಕ್ಕ ಇಂಥವೇ ದನದ ಬೊಂಬೆಗಳ ಜತೆ ಹೋಲಿಸಿ, ಇವು ಕ್ರಿ.ಪೂ. 800-700ರ ಸುಮಾರಿನವು ಎಂದು ಮುರುಗೇಶಿಯವರು ಅಂದಾಜು ಕಟ್ಟಿದರು.

ಸರಿ ಸ್ವಾಮಿ, ಮೂಡುಬಿದಿರೆಯಲ್ಲಿ ಬೊಂಬೆ ಸಿಕ್ಕರೆ ಮಧುಗಿರಿಯ ಅಂಗಡಿಯವನಿಗೇನು? ಸಿರಾ ಬಸ್ಸಿಗೆ ಕಾಯೋನಿಗೇನು?

ಇದೆ. ಈ ನಾಲ್ಕು ತಾಲ್ಲೂಕಿನ ನೆಲ ಈಗ ಅಗೆಸಿಕೊಳ್ಳುತ್ತಿರುವಷ್ಟು ಹಿಂದೆಂದೂ ಅಗೆಸಿಕೊಂಡಿರಲಿಲ್ಲ. ಆ ಮಾತು ಆಮೇಲೆ. ಮೊದಲು ಈ ಗೂಳಿತಲೆಯವನು ಯಾರು ಅನ್ನೋದು ನೋಡೋಣ.

ರಾಕ್ಷಸನೋ, ವೀರನೋ?

ಗೂಳಿತಲೆ, ಮನುಷ್ಯ ಮೈ ಅಂದ ಕೂಡಲೇ ಗ್ರೀಸ್ ದೇಶದವರು ಹೇಳೋದು ರಾಕ್ಷಸ ಅಂತಲೇ. ಕ್ರೀಟ್ ದ್ವೀಪದಲ್ಲಿ ಮಿನೋಟಾರ್ ಅನ್ನೋ ಗೂಳಿತಲೆಯವನಿದ್ದ, ನರಬಲಿ ತಿನ್ನುತ್ತಿದ್ದ, ಥೀಸಿಯಸ್ ಎಂಬ ವೀರ ಹೋಗಿ ಕೊಂದ. ಅವರ ಕಥೆಯಲ್ಲಿ ಕೊಂದವನು ದೊಡ್ಡವನು.

ಇಲ್ಲಿ ಲೆಕ್ಕ ಬೇರೆ. ಎತ್ತಿನ ಮುಖದ ಮನುಷ್ಯ ಅಂದರೆ ಶಿವನ ಗುಡಿ ಬಾಗಿಲ ನಂದಿಕೇಶ್ವರ ನೆನಪಾಗುತ್ತಾನೆ. ಕರಾವಳಿಯಲ್ಲಂತೂ ಗೂಳಿ, ಕೋಣ, ಹಂದಿ ಮೊಗದ ದೈವಗಳಿಗೆ ಇವತ್ತಿಗೂ ಕೋಲ ನಡೆಯುತ್ತೆ. 2022ರಲ್ಲಿ 'ಕಾಂತಾರ' ಸಿನಿಮಾಕ್ಕೆ ಟಾಕೀಸಿನ ಮುಂದೆ ಕ್ಯೂ ನಿಂತವರಿಗೆ ಪಂಜುರ್ಲಿ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಮೂಡು ಕೊಣಾಜೆಯ ಬೊಂಬೆಗಳು ದೈವಾರಾಧನೆಯ ಬೇರು ಹುಡುಕೋರಿಗೆ ಬೆಲೆಬಾಳುವ ವಸ್ತು ಅಂತ ಮುರುಗೇಶಿಯವರೂ ಹೇಳಿದ್ದಾರೆ.

ಆದರೆ ಹೆಸರು ಮಾತ್ರ ಇಲ್ಲ. ಬೊಂಬೆ ಮಾಡಿದವನು ಬರೆಯೋದು ಕಲಿತವನಲ್ಲ. ಕರ್ನಾಟಕದಲ್ಲಿ ಅಶೋಕನ ಶಾಸನ ಕೆತ್ತಿದ್ದೇ ಅದಾದ ನಾನೂರು ಐನೂರು ವರ್ಷಕ್ಕೆ. ಯಾರೋ ಸತ್ತಿದ್ದಾನೆ, ಅವನ ಕಲ್ಮನೆಯಲ್ಲಿ ಈ ಗೂಳಿತಲೆಯವನನ್ನು ಇಟ್ಟಿದ್ದಾರೆ. ಕಾವಲಿಗೋ, ಜತೆಗೋ, ಹರಕೆಗೋ. ಕಥೆ ಇಲ್ಲದೆ ಇಂಥ ಬೊಂಬೆ ಮಾಡೋರಿಲ್ಲ. ಬೊಂಬೆ ಉಳಿದಿದೆ, ಕಥೆ ಹೋಗಿದೆ.

ಬಾವುಟ ನೋಡಿ ಗುರುತು ಹಿಡಿದರು

ಹೆಸರು ಗೊತ್ತಿರುವ ಮಣ್ಣಿನ ವೀರರೂ ಇದ್ದಾರೆ. ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ಅಹಿಚ್ಛತ್ರ ಅನ್ನೋ ಹಾಳೂರು. ಮಹಾಭಾರತದ ಪಾಂಚಾಲ ದೇಶದ ರಾಜಧಾನಿ, ದ್ರೌಪದಿಯ ತವರು ಸೀಮೆ. 1940ರಿಂದ 44ರವರೆಗೆ ಅಲ್ಲಿ ಸರ್ಕಾರದ ಪುರಾತತ್ವ ಇಲಾಖೆ ಅಗೆಯಿತು. ಗುಪ್ತರ ಕಾಲದ ಶಿವಾಲಯದಿಂದ ದೊಡ್ಡ ದೊಡ್ಡ ಸುಟ್ಟ ಮಣ್ಣಿನ ಫಲಕಗಳು ಬಂದವು. ಒಂದರಲ್ಲಿ ಎರಡು ರಥ, ಇಬ್ಬರು ಬಿಲ್ಲುಗಾರರು, ಬಾಣಕ್ಕೆ ಬಾಣ. ಯಾರು ಯಾರು? ಬಾವುಟದಿಂದ ಗೊತ್ತಾಯಿತು. ಹಂದಿ ಬಾವುಟದವನು ಸೈಂಧವ, ಚಂದ್ರನ ಬಾವುಟದವನು ಧರ್ಮರಾಯ. ಮಹಾಭಾರತದಲ್ಲಿ ಹೇಳಿರುವ ಬಾವುಟಗಳೇ ಇವು. ಆ ಫಲಕ ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಈ ಸೀಮೆಯವರು ಬಾವುಟ ನೋಡದೆಯೂ ಹೇಳಿಯಾರು. ಊರಿಗೊಂದು ಕುರುಕ್ಷೇತ್ರ ನಾಟಕ ನಡೆಯುವ ಜಿಲ್ಲೆ ಇದು. ಸೀನರಿ, ಹಾರ್ಮೋನಿಯಂ, ಬಾಡಿಗೆ ಕಿರೀಟ ತರಿಸಿ, ಸೊಸೈಟಿ ಸೆಕ್ರೆಟರಿ ದುರ್ಯೋಧನನಾಗಿ, ಕಟ್ಟಿಗೆ ಡಿಪೋದವನು ಭೀಮನಾಗಿ ಬೆಳಗಿನ ಜಾವದವರೆಗೆ ಕೂಗೋದು ಕೇಳಿದ್ದೀರಿ. ಗುಬ್ಬಿ ಕಂಪನಿಯ ಕುರುಕ್ಷೇತ್ರದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದಿದ್ದವು. ಅಂಥ ಜಿಲ್ಲೆ.

ಅದಕ್ಕೇ ಇನ್ನೊಂದು ಬೊಂಬೆಯ ವಿಷಯ ಇಲ್ಲಿಯವರಿಗೆ ರುಚಿಸೀತು. ಅಮೆರಿಕದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಹದಿನಾಲ್ಕು ಮಣ್ಣಿನ ಬೊಂಬೆಗಳಿವೆ. 1913ರಲ್ಲಿ ಮ್ಯೂಸಿಯಂಗೆ ಬಂದವು. ಗ್ರೀಸಿನ ಅಥೆನ್ಸ್ ಸೀಮೆಯ ಒಂದೇ ಗೋರಿಯಲ್ಲಿ ಒಟ್ಟಿಗೆ ಸಿಕ್ಕವು ಅನ್ನೋದು ಅವುಗಳ ಕಥೆ. ಸುಮಾರು 2,400 ವರ್ಷದ ಹಳೇವು. ಎಲ್ಲವೂ ನಾಟಕದ ಪಾತ್ರಧಾರಿಗಳು! ಹಾಸ್ಯ ನಾಟಕದವರು. ಹೊಟ್ಟೆಗೆ ಬಟ್ಟೆ ತುರುಕಿಕೊಂಡು, ಮೊಗಕ್ಕೆ ಮುಖವಾಡ ಹಾಕಿಕೊಂಡವರು. ಅವರಲ್ಲೊಬ್ಬ ಹೆರಾಕ್ಲಿಸ್. ಸಿಂಹದ ಚರ್ಮ, ಕೈಲಿ ದೊಣ್ಣೆ. ಗ್ರೀಸಿನವರ ಭೀಮ ಅನ್ನಿ. ಶಕ್ತಿಯಲ್ಲಿ ಸಮ ಇಲ್ಲ, ಊಟದಲ್ಲೂ ಸಮ ಇಲ್ಲ. ಬಕಾಸುರನಿಗೆ ಹೊರಟ ಬಂಡಿ ಅನ್ನ ತಾನೇ ತಿಂದ ಭೀಮನನ್ನು ನೋಡಿ ಇಲ್ಲಿ ಜನ ನಗುವ ಹಾಗೆ, ಅಲ್ಲಿಯವರು ಹೊಟ್ಟೆಬಾಕ ಹೆರಾಕ್ಲಿಸ್‌ನನ್ನು ನೋಡಿ ನಗುತ್ತಿದ್ದರು. ನಾಟಕದ ಹುಚ್ಚಿದ್ದ ಯಾರೋ ಸತ್ತಾಗ ಮನೆಯವರು ಇಡೀ ಮೇಳವನ್ನೇ ಜತೆಗೆ ಕಳಿಸಿದ್ದಾರೆ ಅಂತ ಊಹಿಸಿದರೆ ತಪ್ಪೇನಿಲ್ಲ.

ಆ ಬೊಂಬೆಗಳನ್ನು ಅಚ್ಚಿನಲ್ಲಿ ಒತ್ತಿ ತೆಗೆದು ಬಣ್ಣ ಬಳಿದಿದ್ದರು. ಕಲ್ಲಿನ ವಿಗ್ರಹಕ್ಕೆ ರಾಜ ಬೇಕು, ಕಂಚಿಗೆ ಶೆಟ್ಟಿ ಬೇಕು, ಮಣ್ಣಿನ ಬೊಂಬೆಗೆ ನಾಲ್ಕು ಕಾಸಿದ್ದರೆ ಸಾಕು. ಹಾಗಾಗಿ ಬಡವರು ಯಾರನ್ನು ನಂಬಿದ್ದರು, ಯಾರನ್ನು ನೋಡಿ ನಕ್ಕರು ಅನ್ನೋದಕ್ಕೆ ಮಣ್ಣಿನ ಬೊಂಬೆಯಷ್ಟು ಒಳ್ಳೆ ಸಾಕ್ಷಿ ಇನ್ನೊಂದಿಲ್ಲ.

ಇಲ್ಲಿ ವೀರನುಂಟು, ಬೊಂಬೆ ಇಲ್ಲ

ಈಗ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಕ್ಕೆ ಬನ್ನಿ. ಶಿಕ್ಷಣ ಇಲಾಖೆ ಈ ನಾಲ್ಕನ್ನೂ ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅನ್ನುತ್ತೆ. ವೀರರಿಗೆ ಇಲ್ಲಿ ಬರವಿಲ್ಲ, ಮಳೆಗೆ ಬರ.

ಸಿರಾ ತಾಲ್ಲೂಕಿನ ಕಳುವರಹಳ್ಳಿ ಹತ್ತಿರ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರ ವೀರ ಜುಂಜಪ್ಪ ದನ ಕಾಯ್ದವನು, ದನಕ್ಕಾಗಿ ಹೋರಾಡಿದವನು, ದೇವರಾದವನು. ಅವನ ಕಥೆ ರಾತ್ರಿಯಿಡೀ ಹಾಡುವಷ್ಟಿದೆ. ಹಾಡೋಕೆ ಗಣೆ ಬೇಕು. ಉದ್ದನೆಯ ಬಿದಿರ ಕೊಳಲು ಅದು, ಅದನ್ನೂ ದೇವರಂತೆಯೇ ಕಾಣುತ್ತಾರೆ. ಗೂಳಿ ಜತೆ ಬಾಳಿದ ವೀರ ಇಲ್ಲೂ ಇದ್ದಾನೆ ಅಂದಹಾಗಾಯಿತು. ಮೂಡು ಕೊಣಾಜೆಯವನಿಗೂ ಇವನಿಗೂ ನೆಂಟಸ್ತನ ಕಟ್ಟೋದು ಬೇಡ, ನಡುವೆ ಎರಡು ಸಾವಿರ ವರ್ಷಕ್ಕೂ ಮೇಲೆ ಇದೆ, ಘಟ್ಟವೂ ಇದೆ. ಆದರೆ ಅಲ್ಲಿ ಕಥೆ ಹೋಗಿ ಬೊಂಬೆ ಉಳಿಯಿತು. ಇಲ್ಲಿ ಬೊಂಬೆ ಇಲ್ಲದೆಯೇ ಕಥೆ ಉಳಿದಿದೆ. ಗಣೆ ಊದೋರು ವಯಸ್ಸಾದವರು, ಹುಡುಗರೆಲ್ಲ ಬೆಂಗಳೂರು ಬಸ್ಸು ಹತ್ತಿದ್ದಾರೆ.

ಮಣ್ಣಿನ ದೇವರು ಇಲ್ಲಿಯವರಿಗೆ ಗೊತ್ತಿಲ್ಲವೆಂದಲ್ಲ. ಮಳೆ ಕೈಕೊಟ್ಟ ವರ್ಷ ಮಳೆರಾಯನನ್ನು ಮಾಡುತ್ತಾರೆ. ಕೆರೆ ಮಣ್ಣು ತಂದು ಗೊಂಬೆ ತಿದ್ದಿ, ಹಲಗೆ ಮೇಲೆ ಕೂರಿಸಿ, ಹುಡುಗನ ತಲೆ ಮೇಲಿಟ್ಟು ಮನೆಮನೆಗೆ ಹೊರಟರೆ ಹೆಂಗಸರು ಬಿಂದಿಗೆ ನೀರು ಸುರೀತಾರೆ, ರಾಗಿ, ಅಕ್ಕಿ ನೀಡುತ್ತಾರೆ. ಆ ಹಾಡು ಬಾರದ ಹುಡುಗ ಈ ಕಡೆ ಇರಲಿಲ್ಲ. ಚಿತ್ರದುರ್ಗದಿಂದ ಆ ಕಡೆ ಹೋದರೆ ಗಣೇಶನ ಹಿಂದೆಯೇ ಜೋಕುಮಾರ ಬರುತ್ತಾನೆ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತ ಅಗಲ ಕಣ್ಣಿನ ಮಣ್ಣಿನ ಗಂಡು, ಬಾಯಿಗೆ ಬೆಣ್ಣೆ. ಏಳು ದಿನ ಮೆರೆದು, ಹುಣ್ಣಿಮೆ ರಾತ್ರಿ ಸಾಯುತ್ತಾನೆ. ಸಾಯೋದೇ ಅವನ ಕೆಲಸ. ಅವನು ಸತ್ತರೆ ತಾನೇ ಮಳೆ.

ಇವರಿಬ್ಬರೂ ಹಸಿ ಮಣ್ಣಿನವರು. ಮಳೆರಾಯನನ್ನು ಕೊನೆಗೆ ಕೆರೆಗೇ ಬಿಡುತ್ತಾರೆ, ಜೋಕುಮಾರನ ಕಥೆಯೂ ಹಾಗೇ ಮುಗಿಯುತ್ತೆ. ಮುಂದಿನ ಸಲಕ್ಕೆ ಹೊಸಬ. ಸಾವಿರ ವರ್ಷ ಮಾಡಿದರೂ ಒಂದೂ ಮ್ಯೂಸಿಯಂಗೆ ಹೋಗಲ್ಲ.

ಸುಟ್ಟರೆ ಬೇರೆ ಮಾತು. ಕುಂಬಾರರಿಗೆ ಇದು ಯಾರೂ ಹೇಳಿಕೊಡಬೇಕಿಲ್ಲ. ಒಣಗಿದ ಮಡಕೆ ನೀರು ಕಂಡರೆ ಕೆಸರು, ಆವಿಗೆಯಿಂದ ಇಳಿಸಿದ್ದು ನೀರು ಹೊರುತ್ತೆ. ಐನೂರು ಆರುನೂರು ಡಿಗ್ರಿ ಕಾವು ದಾಟಿದರೆ ಮಣ್ಣಿನ ಕಣಕಣದಲ್ಲಿ ಅಡಗಿದ್ದ ನೀರೂ ಹೋಗಿ ಅದು ಬೇರೆಯೇ ಪದಾರ್ಥ ಆಗುತ್ತೆ. ಮತ್ತೆ ಮಣ್ಣಾಗಲ್ಲ. ಒಡೆದೀತು, ಕರಗಲ್ಲ. ಸುಟ್ಟ ದಿನದಿಂದ ಅದರೊಳಗೊಂದು ಲೆಕ್ಕವೂ ಶುರುವಾಗುತ್ತೆ. ನೆಲದ ಸಣ್ಣ ವಿಕಿರಣ ವರ್ಷ ವರ್ಷ ಆ ಸುಟ್ಟ ಮಣ್ಣಿನಲ್ಲಿ ಜಮಾ ಆಗುತ್ತಾ ಹೋಗುತ್ತೆ. ಚೂರು ಪುಡಿ ತೆಗೆದು ಲ್ಯಾಬಿನಲ್ಲಿ ಮತ್ತೆ ಕಾಯಿಸಿದರೆ ಅಷ್ಟೂ ಬೆಳಕಾಗಿ ಹೊರಬರುತ್ತೆ. ಬೆಳಕು ಅಳೆದು, ಎಷ್ಟು ವರ್ಷದ ಜಮಾ ಅಂತ ಲೆಕ್ಕ ಹಾಕುತ್ತಾರೆ. ಅಂಗಡಿಯವರ ಭಾಷೆಯಲ್ಲಿ ಹೇಳಬೇಕಾದರೆ ಖಾತೆ ಪುಸ್ತಕ. ಕಲ್ಲಿಗೆ ಆ ಪುಸ್ತಕ ಇಲ್ಲ, ಅದಕ್ಕೆ ಯಾವತ್ತು ಉಳಿ ಬಿತ್ತು ಅಂತ ಕಲ್ಲು ಹೇಳಲ್ಲ.

ನೆಲದ ಮೇಲೇ ಬಿದ್ದಿದೆ

ಸಿರಾದಿಂದ ದುರ್ಗಕ್ಕೆ ಹೈವೇಯಲ್ಲಿ ಹೋಗೋರು ಚಂದ್ರವಳ್ಳಿ ಹೆಸರು ಕೇಳಿರುತ್ತಾರೆ. ಮೈಸೂರಿನ ಡಾ. ಎಂ.ಎಚ್. ಕೃಷ್ಣ 1929ರಲ್ಲಿ ಅಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯನ್ನೂ ಮೊಳಕಾಲ್ಮೂರಿನ ಬ್ರಹ್ಮಗಿರಿಯನ್ನೂ ಅಗೆದ. ರೋಮ್ ದೇಶದ ಬೆಳ್ಳಿ ನಾಣ್ಯ, ಶಾತವಾಹನರ ನಾಣ್ಯ, ಮಡಕೆ ಚೂರು ರಾಶಿ ರಾಶಿ. ದಕ್ಷಿಣ ಭಾರತದಲ್ಲಿ ಯಾವ ಮಡಕೆ ಯಾವ ಕಾಲದ್ದು ಅನ್ನೋ ಲೆಕ್ಕ ಗಟ್ಟಿಯಾದದ್ದೇ ಈ ಅಗೆತದಿಂದ. ತಮಾಷೆ ನೋಡಿ, ಪುರಾತತ್ವ ಇಲಾಖೆಯ 'ಏನ್ಷಂಟ್ ಇಂಡಿಯಾ' ಪತ್ರಿಕೆಯ 4ನೇ ಸಂಚಿಕೆಯಲ್ಲಿ ವೀಲರನ ಈ ವರದಿಯೂ ಇದೆ, ಅಹಿಚ್ಛತ್ರದ ಮಣ್ಣಿನ ಬೊಂಬೆಗಳ ಬಗ್ಗೆ ವಿ.ಎಸ್. ಅಗ್ರವಾಲ ಬರೆದದ್ದೂ ಇದೆ. ದ್ರೌಪದಿ ತವರಿನ ಧರ್ಮರಾಯನೂ ಮೊಳಕಾಲ್ಮೂರಿನ ಮಡಕೆ ಚೂರೂ ಒಂದೇ ರಟ್ಟಿನೊಳಗೆ!

ಆ ಮಡಕೆಯ ಒಂದು ಗುರುತು ಸುಲಭ. ಒಳಗೆ ಕಪ್ಪು, ಹೊರಗೆ ಕೆಂಪು, ಮೇಲೆ ನುಣುಪು. ಕಲ್ಮನೆ ಕಟ್ಟಿದವರ ಮಡಕೆ ಅದು. ಹೊಲದಲ್ಲಿ, ಹಾಳೂರ ದಿಬ್ಬದಲ್ಲಿ ನೇಗಿಲಿಗೆ ಎದ್ದು ಬಿದ್ದಿದ್ದರೆ 2,000 ವರ್ಷಕ್ಕೆ ಕಡಿಮೆ ಇಲ್ಲ ಅಂತಲೇ ಇಟ್ಟುಕೊಳ್ಳಬಹುದು. ಅಂಥ ದಿಬ್ಬದಲ್ಲಿ ಬೊಂಬೆಯೂ ಇದ್ದೀತು. ಇದ್ದರೆ ಯಾರ ಕಣ್ಣಿಗೆ ಬೀಳುತ್ತೆ? ಪ್ರೊಫೆಸರ ಕಣ್ಣಿಗಲ್ಲ. ಜೆಸಿಬಿ ಡ್ರೈವರನ ಕಣ್ಣಿಗೆ.

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. ತುಮಕೂರು-ರಾಯದುರ್ಗ ರೈಲು ಹಳಿಗೆ ಕೊರಟಗೆರೆ, ಮಧುಗಿರಿ, ಪಾವಗಡ ಮೇಲೇ ದಾರಿ. ಎತ್ತಿನಹೊಳೆ ಕಾಲುವೆಗೆ, ಭದ್ರಾ ಮೇಲ್ದಂಡೆಗೆ ಅಗೆತ. ಕೆರೆ ಹೂಳು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ, ಗೋಡು ಮಣ್ಣು ಇಟ್ಟಿಗೆ ಗೂಡಿಗೆ. ನೀರು ಬರಲಿ, ರೈಲು ಬರಲಿ, ಯಾರೂ ಬೇಡ ಅನ್ನಲ್ಲ. ಆದರೆ ಜೆಸಿಬಿ ಹಲ್ಲಿಗೆ 9 ಸೆಂಟಿಮೀಟರಿನ ಬೊಂಬೆ ಒಂದು ಹೆಂಟೆ, ಅಷ್ಟೆ.

ಇನ್ನೊಂದು ಕಾಟ ನಿಧಿ ಆಸೆಯವರದು. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ ತಗೊಂಡು ಬೆಟ್ಟ ಹತ್ತುವ ಜನ. ಪಾಳು ಗುಡಿಯ ಬಸವನ ಕೆಳಗೆ, ವೀರಗಲ್ಲಿನ ಕೆಳಗೆ ಚಿನ್ನ ಇದೆ ಅನ್ನೋ ಹುಚ್ಚು. ವೀರಗಲ್ಲಿನ ಕೆಳಗೆ ಇರೋದು ಮಣ್ಣು ಸ್ವಾಮಿ. ಊರಿನ ದನ ಬಿಡಿಸೋಕೆ ಹೋಗಿ ಸತ್ತವನಿಗೆ ಊರವರು ನಿಲ್ಲಿಸಿದ ಕಲ್ಲು ಅದು. ಇವರು ಅದನ್ನು ಮಗುಚಿ, ಒಡೆದು, ಏನೂ ಸಿಗದೆ ಬಯ್ಕೊಂಡು ಇಳಿದು ಬರುತ್ತಾರೆ. ಕಲ್ಲಿಗೇ ಈ ಗತಿ ಅಂದಮೇಲೆ ಅಡಿಯಲ್ಲಿ ಮಣ್ಣಿನ ಬೊಂಬೆ ಸಿಕ್ಕರೆ?

"ಏನ್ ಸಿಕ್ತಲೇ?"

"ಏನೂ ಇಲ್ಲ ಕಣಣ್ಣ, ಮಣ್ಣಿನ ಗೊಂಬೆ."

"ಥೂ, ಬಿಸಾಕತ್ಲಾಗೆ."

ಅಲ್ಲಿಗೆ 2,700 ವರ್ಷ ಮುಗೀತು.

ಕಾನೂನು ಮಾತ್ರ ಮಣ್ಣು, ಚಿನ್ನ ಅಂತ ಬೇಧ ಮಾಡಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ವಿಗ್ರಹ, ಬೊಂಬೆ ಎಲ್ಲಾ ಅದರೊಳಗೆ ಬರುತ್ತೆ. ಮನೆಯಲ್ಲಿದ್ದರೆ ನೋಂದಣಿ ಮಾಡಿಸಬೇಕಾದ ಪಟ್ಟಿಯಲ್ಲಿ ಕಲ್ಲು, ಲೋಹ, ದಂತದ ವಿಗ್ರಹದ ಸಾಲಿನಲ್ಲೇ ಸುಟ್ಟ ಮಣ್ಣಿನದೂ ಇದೆ. ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡೋ ಹಾಗಿಲ್ಲ. ದೇಶದಾಚೆ ಸಾಗಿಸಿದರೆ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು, ಮೇಲೆ ದಂಡ. ಇನ್ನು ನೆಲದಡಿ ಸಿಕ್ಕಿದ್ದಕ್ಕೆ ರಾಜ್ಯದ್ದೇ 1962ರ ನಿಧಿ ಕಾಯಿದೆ ಇದೆ. ಸಿಕ್ಕವನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಕಾಯಿದೆ ಇದ್ದರೇನು, ಭಯ ಬೇರೆ. ಹೊಲದಲ್ಲಿ ಏನೋ ಸಿಕ್ಕಿತು ಅಂತ ಬಾಯಿಬಿಟ್ಟರೆ ಹೊಲಕ್ಕೆ ಬೇಲಿ ಹಾಕ್ತಾರೆ, ಪೊಲೀಸ್ ಸ್ಟೇಷನ್ನಿಗೆ ಅಲೆದಾಡಿಸ್ತಾರೆ, ಚಿನ್ನ ಎಲ್ಲಿಟ್ಟಿದ್ದೀಯ ಅಂತ ಬಡಿದು ಕೇಳ್ತಾರೆ ಅನ್ನೋ ಅನುಮಾನ ರೈತರಿಗೆ. ಪೂರಾ ಸುಳ್ಳು ಅನುಮಾನ ಅನ್ನೋಕಾಗಲ್ಲ. ಬೊಂಬೆ ಚೂರಿಗಾಗಿ ಕೂಲಿ ಬಿಟ್ಟು ತಾಲ್ಲೂಕು ಆಫೀಸಿಗೆ ಯಾರು ಬರುತ್ತಾರೆ? ಇಲಾಖೆಯವರು ಸಂತೆಗೆ, ಜಾತ್ರೆಗೆ ಬಂದು, ಒಂದು ಕಪ್ಪು-ಕೆಂಪು ಮಡಕೆ ಚೂರು ಕೈಗಿಟ್ಟು, "ಇಂಥದು ಕಂಡರೆ ಹೇಳಿ, ನಿಮ್ಮ ಹೊಲ ನಿಮಗೇ ಇರುತ್ತೆ" ಅಂದರೆ ಅರ್ಧ ಕೆಲಸ ಆದೀತು. ಸಿರಾದ ಜುಮ್ಮಾ ಮಸೀದಿಗೆ, ಮಲ್ಲಿಕ್ ರಿಹಾನ್ ದರ್ಗಾಕ್ಕೆ, ಮಧುಗಿರಿ ಕೋಟೆಗೆ ಬೋರ್ಡು ನೆಟ್ಟಿದ್ದಾರೆ. ಹಾಳೂರ ದಿಬ್ಬಕ್ಕೆ ಬೋರ್ಡು ನೆಡೋಕಾಗಲ್ಲ, ಅಷ್ಟಿವೆ ದಿಬ್ಬ. ಬಾಯಿಮಾತೇ ಬೋರ್ಡು.

ಹಾಗೇನಾದರೂ ಕಂಡರೆ ತೊಳೆಯೋಕೆ ಹೋಗಬೇಡಿ. ಉಜ್ಜಿದರೆ ಬಣ್ಣದ ಪದರ ಇದ್ದದ್ದೂ ಹೋಗುತ್ತೆ. ಕಿತ್ತು ಮನೆಗೂ ತರಬೇಡಿ. ಬೊಂಬೆ ಎಲ್ಲಿತ್ತು, ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಬೂದಿ ಇತ್ತೋ, ಮೂಳೆ ಇತ್ತೋ, ಯಾವ ಮಡಕೆ ಇತ್ತು, ಅದರಿಂದಲೇ ಕಾಲ ಗೊತ್ತಾಗೋದು. ಜಾಗ ಬಿಟ್ಟ ಬೊಂಬೆ ವಿಳಾಸ ಹರಿದ ಕಾಗದದ ಹಾಗೆ. ಫೋನಿನಲ್ಲಿ ಒಂದು ಫೋಟೋ ಹೊಡೆದು, ಅಳತೆ ಗೊತ್ತಾಗೋ ಹಾಗೆ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು, ಗ್ರಾಮ ಆಡಳಿತಾಧಿಕಾರಿಗೋ ತಹಸೀಲ್ದಾರರಿಗೋ ಹೇಳಿ. ಮೈಸೂರಿನಲ್ಲಿ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಇದೆ, ಅಲ್ಲಿಗೂ ಬರೆಯಬಹುದು. ಡಿ.ಸಿ. ಆಫೀಸಿಗೇ ಹೋಗುವವರಿಗೆ ಮಧುಗಿರಿಯಿಂದ ಕೊರಟಗೆರೆ ಮೇಲೆ ತುಮಕೂರಿಗೆ ಬಸ್ಸಿಗೇನು ಕಮ್ಮಿ ಇಲ್ಲ. ಬೊಂಬೆ ಚೀಲದಲ್ಲಿ ಹಾಕ್ಕೊಂಡು ಹತ್ತೋದು ಬೇಡ. ಜಾಗ ಹೇಳಿದರೆ ಸಾಕು.